ಉಣ್ಣೆ ಕೋಟು ನಂಬಿ ಎವರೆಸ್ಟ್ ಹತ್ತಿದ್ದಕ್ಕೇ ಮ್ಯಾಲರಿ ಸತ್ತನೇ?

ಎವರೆಸ್ಟ್ ಬಗ್ಗೆ ಓದುವವರು ಒಂದಲ್ಲ ಒಂದು ದಿನ ಈ ಕಪ್ಪು-ಬಿಳುಪು ಫೋಟೊ ನೋಡಿಯೇ ಇರುತ್ತಾರೆ. ತೆಗೆದದ್ದು 1921ರಲ್ಲಿ. ಟಿಬೆಟ್‌ನ ಬೋಳು ನೆಲದಲ್ಲಿ ಬ್ರಿಟಿಷ್ ತಂಡದ ಕೆಲವರು ಎರಡು ಸಾಲಾಗಿ ಕುಳಿತು, ನಿಂತು ಕ್ಯಾಮೆರಾ ನೋಡುತ್ತಿದ್ದಾರೆ. ಮೈಮೇಲೆ ಟ್ವೀಡ್ ಕೋಟು, ಕೈಯಲ್ಲಿ ಹೆಣೆದ ಸ್ವೆಟರ್, ಕೊರಳಿಗೆ ಮಫ್ಲರ್, ಮೊಣಕಾಲವರೆಗೆ ಉಣ್ಣೆಯ ಕಾಲುಚೀಲ. ಸಂಜೆ ವಾಕಿಂಗ್‌ಗೆ ಹೊರಟವರ ಹಾಗೆ ಕಾಣುತ್ತಾರೆ. ಅವರಲ್ಲೊಬ್ಬ ಜಾರ್ಜ್ ಮ್ಯಾಲರಿ. ಮೂರೇ ವರ್ಷದಲ್ಲಿ ಆತ ಅದೇ ಬೆಟ್ಟದಲ್ಲಿ ಕಣ್ಮರೆಯಾದ.

ಇಂಥ ಫೋಟೊ ಫಾರ್ವರ್ಡ್ ಆಗುವಾಗ ಅದರ ಕೆಳಗಿನ ಮಾತು ಸಾಮಾನ್ಯವಾಗಿ ಎರಡರಲ್ಲಿ ಒಂದಾಗಿರುತ್ತದೆ. ಪಾಪ, ಉಣ್ಣೆ ಕೋಟು ಹಾಕಿಕೊಂಡು ಎವರೆಸ್ಟ್ ಹತ್ತಲು ಹೋಗಿ ಚಳಿಗೆ ಸತ್ತ ಎಂಬುದು ಒಂದು. ನೋಡಿ, ಹಿಂದಿನವರು ಬರೀ ಉಣ್ಣೆಯಲ್ಲೇ ಎವರೆಸ್ಟ್ ಹತ್ತುತ್ತಿದ್ದರು, ಇಂದಿನ ಸಾವಿರಾರು ರೂಪಾಯಿಯ ಜಾಕೆಟ್ ಎಲ್ಲ ಮೋಸ, ಯಾವ ಕಾಲಕ್ಕೂ ಯಾವ ಊರಿಗೂ ಉಣ್ಣೆ ಒಂದಿದ್ದರೆ ಸಾಕು ಎಂಬುದು ಇನ್ನೊಂದು. ಒಂದಕ್ಕೊಂದು ಪೂರ್ತಿ ವಿರುದ್ಧ. ಎರಡರಲ್ಲೂ ಅರ್ಧ ನಿಜವಿದೆ, ಅರ್ಧ ತಪ್ಪಿದೆ. ಯಾವುದು ಎಷ್ಟು ಎಂದು ತಿಳಿಯಲು ಮ್ಯಾಲರಿಯ ಬದುಕನ್ನೂ ಆತನ ಬಟ್ಟೆಯನ್ನೂ ಒಟ್ಟಿಗೇ ನೋಡಬೇಕು.

ಮೊದಲ ಮಾತೇನೂ ವಾಟ್ಸ್ಆ್ಯಪ್ ಕಾಲದ್ದಲ್ಲ. ಆ ತಂಡದ ಫೋಟೊ ನೋಡಿ, ಐರ್ಲೆಂಡಿನಲ್ಲಿ ಪಿಕ್ನಿಕ್ ಹೋದವರು ಹಿಮದಲ್ಲಿ ಸಿಕ್ಕಿಬಿದ್ದ ಹಾಗಿದೆ ಎಂದು ನಾಟಕಕಾರ ಬರ್ನಾರ್ಡ್ ಶಾ ಗೇಲಿ ಮಾಡಿದ ಎಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ಶಾ ಉಣ್ಣೆಯ ಬಗ್ಗೆ ನಕ್ಕಿದ್ದರೆ ಅದೊಂದು ತಮಾಷೆಯೇ. ಯಾಕೆಂದು ಮುಂದೆ ಹೇಳುತ್ತೇನೆ.

ಪಾದ್ರಿಯ ಮಗ, ಚರ್ಚಿನ ಮಾಡು

ಮ್ಯಾಲರಿ ಹುಟ್ಟಿದ್ದು 1886ರ ಜೂನ್ 18ರಂದು, ಇಂಗ್ಲೆಂಡಿನ ಚೆಶೈರ್ ಪ್ರಾಂತ್ಯದ ಮೊಬರ್ಲಿ ಎಂಬ ಹಳ್ಳಿಯಲ್ಲಿ. ತಂದೆ ಅಲ್ಲಿಯ ಚರ್ಚಿನ ಪಾದ್ರಿ. ಏಳೆಂಟು ವರ್ಷದ ಹುಡುಗನಾಗಿದ್ದಾಗಲೇ ತಂದೆಯ ಚರ್ಚಿನ ಮಾಡು ಹತ್ತಿ ಮನೆಯವರ ಜೀವ ಬಾಯಿಗೆ ತರಿಸಿದ್ದನಂತೆ. ಗಣಿತದಲ್ಲಿ ಸ್ಕಾಲರ್‌ಶಿಪ್ ಪಡೆದು ವಿಂಚೆಸ್ಟರ್ ಶಾಲೆ ಸೇರಿದ. ಅಲ್ಲಿ ಆರ್. ಎಲ್. ಜಿ. ಇರ್ವಿಂಗ್ ಎಂಬ ಮೇಷ್ಟ್ರು 1904ರಲ್ಲಿ ಕೆಲವು ಹುಡುಗರನ್ನು ಆಲ್ಪ್ಸ್ ಬೆಟ್ಟಗಳಿಗೆ ಕರೆದುಕೊಂಡು ಹೋದರು. ಮ್ಯಾಲರಿಯ ಬದುಕಿನ ದಾರಿ ಅಲ್ಲೇ ತೀರ್ಮಾನವಾಯಿತು ಎನ್ನಬೇಕು.

ಮುಂದೆ ಕೇಂಬ್ರಿಡ್ಜ್‌ನಲ್ಲಿ ಇತಿಹಾಸ ಓದಿ, 1910ರಿಂದ ಚಾರ್ಟರ್‌ಹೌಸ್ ಶಾಲೆಯಲ್ಲಿ ಪಾಠ ಹೇಳಿದ. ಆಮೇಲೆ ಕವಿಯಾಗಿ ಹೆಸರಾದ ರಾಬರ್ಟ್ ಗ್ರೇವ್ಸ್ ಅಲ್ಲಿ ಆತನ ವಿದ್ಯಾರ್ಥಿ. ಬೆಟ್ಟ ಹತ್ತುವುದನ್ನು ಗ್ರೇವ್ಸ್ ಕಲಿತದ್ದು ಈ ಮೇಷ್ಟ್ರಿಂದಲೇ. 1914ರ ಜುಲೈ ಕೊನೆಯಲ್ಲಿ ರೂತ್ ಟರ್ನರ್ ಜೊತೆ ಮದುವೆಯಾಯಿತು. ವಾರ ಕಳೆಯುವುದರೊಳಗೆ ಬ್ರಿಟನ್ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಮ್ಯಾಲರಿ ಫಿರಂಗಿ ದಳದಲ್ಲಿ ಅಧಿಕಾರಿಯಾಗಿ 1916ರಲ್ಲಿ ಸೋಮ್ ಕದನವನ್ನು ಕಂಡ. ಜೀವಂತವಾಗಿ ಮರಳಿದ. ಕ್ಲೇರ್, ಬೆರಿಜ್, ಜಾನ್ ಎಂಬ ಮೂವರು ಮಕ್ಕಳಾದರು. 1921ರಲ್ಲಿ ಎವರೆಸ್ಟ್‌ನ ಮೊದಲ ಪರಿಶೋಧನಾ ತಂಡಕ್ಕೆ ಕರೆ ಬಂದಾಗ ಶಾಲೆಯ ಕೆಲಸ ಬಿಟ್ಟು ಹೊರಟ. ಕೊನೆಯ ಮಗುವಿಗೆ ಆಗ ಒಂದು ವರ್ಷವೂ ತುಂಬಿರಲಿಲ್ಲ.

ಇಂಗ್ಲೆಂಡ್ ಯಾಕೆ ಅಷ್ಟು ಉಣ್ಣೆ ತೊಡುತ್ತಿತ್ತು?

ಚಳಿ ದೇಶ, ಕುರಿ ಬೇಕಾದಷ್ಟು. ಅದೊಂದೇ ಕಾರಣವಲ್ಲ. ಮ್ಯಾಲರಿ ಹುಟ್ಟುವ ಹೊತ್ತಿಗೆ ಉಣ್ಣೆ ಅಲ್ಲಿ ಒಂದು ಆರೋಗ್ಯ ಪಂಥವೇ ಆಗಿತ್ತು. ಗುಸ್ತಾವ್ ಯೇಗರ್ ಎಂಬ ಜರ್ಮನ್ ಪ್ರಾಣಿಶಾಸ್ತ್ರಜ್ಞ, ಮನುಷ್ಯ ಪ್ರಾಣಿಯ ಕೂದಲಿನ ಬಟ್ಟೆಯನ್ನೇ ತೊಡಬೇಕು, ಹತ್ತಿ ಮತ್ತು ನಾರುಬಟ್ಟೆ ಮೈಯಿಂದ ಹೊರಬರುವ ವಿಷವನ್ನು ಹಿಡಿದಿಟ್ಟುಕೊಳ್ಳುತ್ತವೆ ಎಂದು ಪ್ರಚಾರ ಮಾಡಿದ. ಬೇಸಿಗೆಯಲ್ಲೂ ಉಣ್ಣೆ, ಮಲಗುವಾಗಲೂ ಉಣ್ಣೆ. ಈ ತತ್ವದ ಮೇಲೆಯೇ 1884ರಲ್ಲಿ ಲಂಡನ್ನಿನಲ್ಲಿ ಯೇಗರ್ ಹೆಸರಿನ ಅಂಗಡಿ ಶುರುವಾಯಿತು. ಧ್ರುವ ಪ್ರದೇಶಕ್ಕೆ ಹೊರಟ ಶಾಕಲ್ಟನ್‌ನಂಥವರು ಕೂಡ ಯೇಗರ್ ಬಟ್ಟೆ ಒಯ್ದರು. ಅಡಿಯಿಂದ ಮುಡಿಯವರೆಗೆ ಯೇಗರ್ ಉಣ್ಣೆ ಸೂಟು ಹಾಕಿಕೊಂಡು ಲಂಡನ್ ಬೀದಿಯಲ್ಲಿ ಓಡಾಡಿ ಎಲ್ಲರ ಕಣ್ಣಿಗೆ ಬಿದ್ದವರಲ್ಲಿ ಮುಖ್ಯನಾದವನು ಬರ್ನಾರ್ಡ್ ಶಾ!

ಹತ್ತಿಯಲ್ಲಿ ವಿಷ ಸೇರುತ್ತದೆ ಎಂಬ ಯೇಗರ್‌ನ ವಾದಕ್ಕೆ ಯಾವ ಆಧಾರವೂ ಇಲ್ಲ. ಆ ಕಾಲದ ಫಾರ್ವರ್ಡ್ ಮೆಸೇಜ್ ಅದು ಎನ್ನಬಹುದು. ಆದರೆ ತಪ್ಪು ಕಾರಣ ಕೊಟ್ಟು ಮಾರಿದ ವಸ್ತು ಒಳ್ಳೆಯದೇ ಆಗಿರಬಾರದು ಎಂದೇನಿಲ್ಲ.

ಉಣ್ಣೆ ಮಾಡುವುದೇನು, ಮಾಡದಿರುವುದೇನು

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಉಣ್ಣೆ ಬಿಸಿಯನ್ನು ಹುಟ್ಟಿಸುವುದಿಲ್ಲ. ಬಿಸಿ ಹುಟ್ಟುವುದು ನಮ್ಮ ಮೈಯಲ್ಲಿ. ಉಣ್ಣೆ ಅದು ಬೇಗ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೇ. ಐಸ್ ಗಡ್ಡೆಯನ್ನು ಕಂಬಳಿಯಲ್ಲಿ ಸುತ್ತಿಟ್ಟರೆ ಬೇಗ ಕರಗುವುದಿಲ್ಲ, ನಿಧಾನವಾಗಿ ಕರಗುತ್ತದೆ. ಕಂಬಳಿ ಬಿಸಿ ಎನ್ನುವುದಾದರೆ ಐಸ್ ಕೂಡಲೇ ನೀರಾಗಬೇಕಿತ್ತಲ್ಲ?

ತಡೆಯುವ ಕೆಲಸ ಮಾಡುವುದು ಕೂದಲಿಗಿಂತ ಹೆಚ್ಚಾಗಿ ಅದರ ನಡುವಿನ ಗಾಳಿ. ಕುರಿಯ ಉಣ್ಣೆ ನಮ್ಮ ತಲೆಗೂದಲಿನ ಹಾಗೆ ಕೆರಾಟಿನ್ ಎಂಬ ಪ್ರೋಟೀನಿನಿಂದಾದದ್ದು. ಆದರೆ ನೇರವಾಗಿಲ್ಲ, ಸ್ಪ್ರಿಂಗಿನಂತೆ ಅಲೆಅಲೆಯಾಗಿದೆ. ಹಾಗಾಗಿ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳದೆ ನಡುವೆ ಗಾಳಿಗೆ ಜಾಗ ಬಿಡುತ್ತವೆ. ಅಲುಗಾಡದ ಗಾಳಿ ಶಾಖವನ್ನು ಸುಲಭವಾಗಿ ದಾಟಗೊಡುವುದಿಲ್ಲ.

ಇನ್ನೊಂದು ಗುಣ ತೇವದ್ದು. ಸಾಮಾನ್ಯ ಹವೆಯಲ್ಲಿ 100 ಗ್ರಾಂ ಒಣ ಉಣ್ಣೆ ಸುಮಾರು 16 ಗ್ರಾಂ ತೇವವನ್ನು ತನ್ನೊಳಗೆ ಇಟ್ಟುಕೊಂಡಿರುತ್ತದೆ. ಹತ್ತಿಗೆ ಈ ಲೆಕ್ಕ ಸುಮಾರು 8 ಗ್ರಾಂ, ಪಾಲಿಯೆಸ್ಟರ್‌ಗೆ ಒಂದು ಗ್ರಾಮೂ ಇಲ್ಲ. ತೀರಾ ಥಂಡಿ ಹವೆಯಲ್ಲಿ ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಕಾರಣ, ಬೆವರಿನ ಆವಿ ಎಳೆಯ ಒಳಗೆ ಹೋಗಿ ಕೂರುತ್ತದೆ. ಹೊರಮೈಯ ತೆಳು ಜಿಡ್ಡಿನ ಪದರ ನೀರಿನ ಹನಿಯನ್ನು ದೂರವಿಡುತ್ತದೆ. ಆವಿ ಹೀರುವಾಗ ಉಣ್ಣೆ ಸ್ವಲ್ಪ ಶಾಖವನ್ನು ಬಿಡುವುದೂ ನಿಜ. ಅದು ಅಲ್ಪ, ಸ್ವಲ್ಪ ಹೊತ್ತಿನದು. ಉಣ್ಣೆ ತಾನೇ ಬಿಸಿಯಾಗುತ್ತದೆ ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ ಇರಬೇಕು.

ಎಲ್ಲ ಕಾಲಕ್ಕೂ ಉಣ್ಣೆ ಎನ್ನುವುದು ನಮಗೇನೂ ಹೊಸದಲ್ಲ. ಕುರಿ ಕಾಯುವ ಕುರುಬರ ಹೆಗಲ ಮೇಲಿನ ಕರಿ ಕಂಬಳಿ ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಕೂರಲು ಹಾಸು, ಬಿಸಿಲಿಗೆ ನೆರಳು. ಚಳ್ಳಕೆರೆ ಸುತ್ತಿನ ನೇಕಾರರು ನೂಲಿಗೆ ಹುಣಸೆಬೀಜದ ಗಂಜಿ ಹಾಕಿ ಬಿಗಿಯಾಗಿ ನೇಯುವುದರಿಂದ ಹೊಸ ಕಂಬಳಿಯ ಮೇಲೆ ಬಿದ್ದ ಮಳೆ ಬೇಗ ಒಳಗಿಳಿಯುವುದಿಲ್ಲ. ಅದು ಚುಚ್ಚುತ್ತದಲ್ಲ ಎಂದರೆ, ಹೌದು, ದಖನಿ ಕುರಿಯ ಉಣ್ಣೆ ದಪ್ಪ. ಚುಚ್ಚುವುದು ದಪ್ಪ ಎಳೆಯ ತುದಿ. ಎಳೆ ಸುಮಾರು 30 ಮೈಕ್ರಾನ್‌ಗಿಂತ ದಪ್ಪವಾದರೆ ಬಾಗದೆ ಚರ್ಮಕ್ಕೆ ತಿವಿಯುತ್ತದೆ. ಇದನ್ನು ಅನೇಕರು ಉಣ್ಣೆಯ ಅಲರ್ಜಿ ಎಂದುಕೊಳ್ಳುತ್ತಾರೆ. ಬಹುಪಾಲು ಅದು ಅಲರ್ಜಿ ಅಲ್ಲ. ಮೆರಿನೊ ಕುರಿಯ ಉಣ್ಣೆ ಇದರ ಅರ್ಧದಷ್ಟು ತೆಳುವಾಗಿರಬಲ್ಲದು, ಅದಕ್ಕೇ ಅದನ್ನು ಬನಿಯನ್ ಹಾಗೆ ಮೈಗೇ ತೊಡಬಹುದು.

ಐದು ವಾರದಲ್ಲಿ ಎಲ್ಲ ಋತು

ಆಗ ನೇಪಾಳ ಹೊರಗಿನವರಿಗೆ ಮುಚ್ಚಿತ್ತು. ಹಾಗಾಗಿ ಎವರೆಸ್ಟ್‌ಗೆ ದಾರಿ ಇದ್ದದ್ದು ಡಾರ್ಜಿಲಿಂಗ್‌ನಿಂದ ಸಿಕ್ಕಿಂ ಮೂಲಕ ಟಿಬೆಟ್ ಸುತ್ತಿ. ತೀಸ್ತಾ ಕಣಿವೆಯಲ್ಲಿ ಬೆವರು ಕಿತ್ತು ಬರುವ ಸೆಕೆ, ಮಳೆ, ಜಿಗಣೆ. ಕಣಿವೆ ದಾಟಿ ಏರಿದರೆ ಹೂಬಿಟ್ಟ ಕಾಡು. ಆಮೇಲೆ ಟಿಬೆಟ್‌ನ ಒಣ ಬಯಲು, ಮಧ್ಯಾಹ್ನ ಶುರುವಾದರೆ ನಿಲ್ಲದ ಧೂಳುಗಾಳಿ, ರಾತ್ರಿ ನೀರು ಗಡ್ಡೆಕಟ್ಟುವ ಚಳಿ. ಕೊನೆಗೆ ಹಿಮನದಿ. ಅಲ್ಲಿ ಗಾಳಿ ನಿಂತ ಹೊತ್ತಿನಲ್ಲಿ ಸುತ್ತಲಿನ ಹಿಮದಿಂದ ಪ್ರತಿಫಲಿಸುವ ಬಿಸಿಲಿಗೆ ಕೋಟು ಕಳಚಬೇಕೆನಿಸುತ್ತದೆ, ಮೋಡ ಅಡ್ಡ ಬಂದರೆ ಹಲ್ಲು ಕಟಕಟ. ಐದು ವಾರದ ನಡಿಗೆಯಲ್ಲಿ ವರ್ಷದ ಎಲ್ಲ ಋತುಗಳೂ ಬಂದುಹೋಗುತ್ತಿದ್ದವು.

ಪ್ರತಿ ಹವೆಗೂ ಬೇರೆ ಬಟ್ಟೆ ಹೊರುವುದು ಆಗದ ಮಾತು. ಪದರ ಪದರವಾಗಿ ತೊಟ್ಟು, ಬೇಕಾದಾಗ ಕಳಚುತ್ತ, ಬೇಕಾದಾಗ ಸೇರಿಸುತ್ತ ಹೋಗುವುದೇ ದಾರಿ. ವಾರಗಟ್ಟಲೆ ಸ್ನಾನವಿಲ್ಲದ ಪ್ರಯಾಣದಲ್ಲಿ ಉಣ್ಣೆ ಬೇರೆ ಬಟ್ಟೆಯಷ್ಟು ನಾರುವುದಿಲ್ಲ ಎನ್ನುವುದೂ ಸಣ್ಣ ಅನುಕೂಲವಲ್ಲ. ಕಾಲಿಗೆ ಸುತ್ತಿಕೊಳ್ಳುತ್ತಿದ್ದ ಉಣ್ಣೆ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಪುಟ್ಟೀ ಎನ್ನುತ್ತಾರೆ. ನಮ್ಮ ಪಟ್ಟಿಯೇ ಅದು. ಹಿಂದಿಯಿಂದ ಇಂಗ್ಲಿಷಿಗೆ ಹೋದ ಪದ.

1921ರ ತಂಡದ ಕೆಲಸ ದಾರಿ ಹುಡುಕುವುದು ಮಾತ್ರ. ಹೋಗುವಾಗಲೇ ಅಲೆಕ್ಸಾಂಡರ್ ಕೆಲಸ್ ಎಂಬ ಅನುಭವಿ ವಿಜ್ಞಾನಿ ಕಾಂಪಾ ಜೋಂಗ್ ಬಳಿ ಕಾಯಿಲೆಯಿಂದ ತೀರಿಕೊಂಡ. ಸೆಪ್ಟೆಂಬರ್ 24ರಂದು ಮ್ಯಾಲರಿ ಮತ್ತು ಜೊತೆಗಾರರು ಸುಮಾರು 7,000 ಮೀಟರ್ ಎತ್ತರದ ನಾರ್ತ್ ಕೋಲ್ ಎಂಬ ಕಣಿವೆಬಾಯಿಯನ್ನು ತಲುಪಿದರು. ಅಲ್ಲಿ ನಿಂತು ಮುಂದಿನ ದಾರಿ ನೋಡಿದರು. ಮುಂದೆ ಹೋಗಲು ಬಿಡದೆ ಅವರನ್ನು ಹಿಂದಕ್ಕಟ್ಟಿದ್ದು ಬಿರುಗಾಳಿ.

ಉಣ್ಣೆಯ ದೌರ್ಬಲ್ಯ ಇರುವುದು ಇಲ್ಲೇ. ಹೆಣೆದ ಸ್ವೆಟರಿನ ಕಣ್ಣುಗಳಲ್ಲಿ ಗಾಳಿ ನುಗ್ಗಿದರೆ ಒಳಗೆ ಹಿಡಿದಿಟ್ಟ ಬೆಚ್ಚನೆಯ ಗಾಳಿ ಹಾರಿಹೋಗುತ್ತದೆ. ಬೈಕಿನಲ್ಲಿ ಬೆಳಗಿನ ಜಾವ ಬರೀ ಸ್ವೆಟರ್ ಹಾಕಿಕೊಂಡು ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಮ್ಯಾಲರಿಯ ಕಾಲದ ಪರ್ವತಾರೋಹಿಗಳು ಉಣ್ಣೆಯ ಮೇಲೆ ಗ್ಯಾಬರ್ಡೀನ್ ತೊಡುತ್ತಿದ್ದರು. ಥಾಮಸ್ ಬರ್ಬೆರಿ 1888ರಲ್ಲಿ ಪೇಟೆಂಟ್ ಪಡೆದ ಬಟ್ಟೆ ಅದು. ಒತ್ತಾಗಿ ನೇಯ್ದ, ನೀರು ಗಾಳಿ ಎರಡನ್ನೂ ತಡೆಯುವ ಬಟ್ಟೆ. ಫೋಟೊದಲ್ಲಿ ಕಾಣುವ ಟ್ವೀಡ್ ಕೋಟು ಕೆಳಗಿನ ಕ್ಯಾಂಪಿನದು. ಮೇಲೆ ಹೋಗುವಾಗಿನ ಉಡುಪೇ ಬೇರೆ. ಇದೊಂದು ತಿಳಿದರೆ ಮೊದಲ ಫಾರ್ವರ್ಡ್‌ನ ಅರ್ಧ ಬಲ ಹೋಗುತ್ತದೆ.

ಒಂದೇ ಬೆಟ್ಟ, ಬೇರೆ ಬೇರೆ ಕೈಬೆರಳು

1922ರ ಮೇ 21. ಮ್ಯಾಲರಿ, ಎಡ್ವರ್ಡ್ ನಾರ್ಟನ್ ಮತ್ತು ಹೊವಾರ್ಡ್ ಸಾಮರ್ವೆಲ್ ಆಮ್ಲಜನಕದ ಸಿಲಿಂಡರ್ ಇಲ್ಲದೆ 8,225 ಮೀಟರ್ ತಲುಪಿದರು. ಅದುವರೆಗೆ ಯಾರೂ ಅಷ್ಟು ಎತ್ತರ ಏರಿರಲಿಲ್ಲ. ಅವರ ಜೊತೆ ಹೊರಟಿದ್ದ ಹೆನ್ರಿ ಮೋರ್ಸ್‌ಹೆಡ್ ಮಾತ್ರ ಕೆಳಗಿನ ಕ್ಯಾಂಪಿನಲ್ಲೇ ಉಳಿದಿದ್ದ. ಹಿಂದಿನ ದಿನ ಏರುವಾಗ ಚಳಿ ಗಾಳಿ ಶುರುವಾದ ಮೇಲೂ ಆತ ಗಾಳಿ ತಡೆಯುವ ಸೂಟನ್ನು ತಡಮಾಡಿ ಹಾಕಿಕೊಂಡಿದ್ದ. ಕೈಬೆರಳಿಗೆ ಫ್ರಾಸ್ಟ್‌ಬೈಟ್ ಆಯಿತು. ಅಂದರೆ ರಕ್ತ ಹರಿಯುವುದು ನಿಂತು ಮಾಂಸವೇ ಹೆಪ್ಪುಗಟ್ಟುವುದು. ಆತ ಬೆರಳ ತುದಿಗಳನ್ನು ಕಳೆದುಕೊಂಡ. ಇಳಿಯುವಾಗ ಒಬ್ಬ ಜಾರಿ, ಒಂದೇ ಹಗ್ಗದಲ್ಲಿದ್ದ ಮೂವರು ಉರುಳತೊಡಗಿದಾಗ ಐಸ್‌ಕೊಡಲಿ ನೆಟ್ಟು ಹಗ್ಗ ಹಿಡಿದು ನಿಲ್ಲಿಸಿದವನು ಮ್ಯಾಲರಿ.

ಅದೇ ತಂಡದಲ್ಲಿ ಜಾರ್ಜ್ ಫಿಂಚ್ ಎಂಬ ರಸಾಯನಶಾಸ್ತ್ರಜ್ಞನಿದ್ದ. ಬಲೂನಿಗೆ ಬಳಸುವ ಬಟ್ಟೆಯಲ್ಲಿ ಬಾತುಕೋಳಿಯ ಮೆತ್ತನೆಯ ಗರಿ ತುಂಬಿ ತಾನೇ ಒಂದು ಕೋಟು ಮಾಡಿಸಿಕೊಂಡು ಬಂದಿದ್ದ. ಜೊತೆಯವರು ನಕ್ಕರು. ಇಂದು ಎವರೆಸ್ಟ್ ಹತ್ತುವವರೆಲ್ಲ ತೊಡುವ ಉಬ್ಬಿದ ಡೌನ್ ಜಾಕೆಟ್‌ನ ಮುತ್ತಜ್ಜ ಅದು. ಫಿಂಚ್ ಮತ್ತು ಜೆಫ್ರಿ ಬ್ರೂಸ್ ಆಮ್ಲಜನಕ ಬಳಸಿ ಮೇ 27ರಂದು ಸುಮಾರು 8,320 ಮೀಟರ್ ಏರಿ ಮ್ಯಾಲರಿಯ ದಾಖಲೆ ಮುರಿದರು. ಆದರೂ 1924ರ ತಂಡಕ್ಕೆ ಫಿಂಚ್‌ನನ್ನು ಸೇರಿಸಿಕೊಳ್ಳಲಿಲ್ಲ. (ಈತನೇ ಮುಂದೆ 1950ರ ದಶಕದಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕನಾಗಿದ್ದ. ಸಾಮರ್ವೆಲ್ ಕೂಡ ದಕ್ಷಿಣ ಭಾರತಕ್ಕೆ ಬಂದು, ಆಗ ತಿರುವಾಂಕೂರಿಗೆ ಸೇರಿದ್ದ ನೆಯ್ಯೂರಿನ ಆಸ್ಪತ್ರೆಯಲ್ಲಿ ದಶಕಗಳ ಕಾಲ ಶಸ್ತ್ರವೈದ್ಯನಾಗಿ ದುಡಿದ.)

ಜೂನ್ 7ರಂದು ಮೂರನೇ ಪ್ರಯತ್ನ ನಡೆಯಿತು. ಹೊಸ ಹಿಮ ಬಿದ್ದಿದ್ದ ನಾರ್ತ್ ಕೋಲ್ ಇಳಿಜಾರಿನಲ್ಲಿ ಹಿಮಕುಸಿತವಾಗಿ ಹೊರೆ ಹೊತ್ತಿದ್ದ ಏಳು ಮಂದಿ ಸತ್ತರು. ಏಳೂ ಮಂದಿ ಶೆರ್ಪಾ ತಂಡದವರು. ಬ್ರಿಟಿಷರಲ್ಲಿ ಒಬ್ಬನಿಗೂ ಏನೂ ಆಗಲಿಲ್ಲ. ಹೊರಡುವ ತೀರ್ಮಾನದಲ್ಲಿ ತನ್ನ ಪಾಲಿದೆ ಎಂಬ ನೋವು ಮ್ಯಾಲರಿಯನ್ನು ಬಿಡಲಿಲ್ಲ. ಎವರೆಸ್ಟ್‌ನ ವೀರಗಾಥೆಗಳಲ್ಲಿ ಆ ಏಳು ಮಂದಿಗೆ ಸಿಗುವುದು ಸಾಮಾನ್ಯವಾಗಿ ಒಂದೇ ಸಾಲು. ನನಗೂ ಇಲ್ಲಿ ಒಂದು ಪ್ಯಾರಾಕ್ಕಿಂತ ಹೆಚ್ಚು ಕೊಡಲಾಗುತ್ತಿಲ್ಲ.

1923ರಲ್ಲಿ ಅಮೆರಿಕದಲ್ಲಿ ಭಾಷಣ ಪ್ರವಾಸ ಮಾಡಿದ. ಎವರೆಸ್ಟ್ ಯಾಕೆ ಹತ್ತಬೇಕು ಎಂಬ ಪ್ರಶ್ನೆಗೆ ಅಲ್ಲಿ ಆತ ಕೊಟ್ಟ ಮೂರು ಪದಗಳ ಉತ್ತರ ಆತನಿಗಿಂತ ಹೆಚ್ಚು ಪ್ರಸಿದ್ಧವಾಯಿತು. ಮರಳಿ ಬಂದು ಕೇಂಬ್ರಿಡ್ಜ್‌ನಲ್ಲಿ ವಯಸ್ಕರ ಶಿಕ್ಷಣದ ಕೆಲಸ ಹಿಡಿದ. ಸಂಸಾರ ಒಂದು ನೆಲೆಗೆ ಬರುತ್ತಿದೆ ಎನ್ನುವಾಗ 1924ರ ಕರೆ ಬಂತು.

ನಾರ್ಟನ್ ತೊಟ್ಟದ್ದೂ ಅದೇ

1924ರ ಮೇ ತಿಂಗಳಲ್ಲಿ ಹವೆ ಕೆಟ್ಟಿತು. ಹಿಮಗಾಳಿಗೆ ಸಿಕ್ಕಿ ಕೆಲಸಗಾರರಲ್ಲಿ ಇಬ್ಬರು ಸತ್ತರು. ಒಬ್ಬ ಗೂರ್ಖಾ ಸೈನಿಕ ಶಂಶೇರ್ ಪುನ್. ಇನ್ನೊಬ್ಬ ಮಾನ್ ಬಹಾದ್ದೂರ್, ತಂಡದ ಬೂಟು ರಿಪೇರಿ ಮಾಡುತ್ತಿದ್ದವನು. ಎಲ್ಲರ ಬೂಟು ಹೊಲಿದುಕೊಟ್ಟವನ ಎರಡೂ ಪಾದಗಳು ಚಳಿಗೆ ಸತ್ತುಹೋಗಿದ್ದವು. ಕೊನೆಗೆ ನ್ಯುಮೋನಿಯಾ ಆಯಿತು. ನಾರ್ತ್ ಕೋಲ್‌ನಲ್ಲಿ ಸಿಕ್ಕಿಬಿದ್ದ ನಾಲ್ವರು ಶೆರ್ಪಾಗಳನ್ನು ನಾರ್ಟನ್, ಸಾಮರ್ವೆಲ್, ಮ್ಯಾಲರಿ ಮೂವರೂ ಮತ್ತೆ ಹತ್ತಿ ಹೋಗಿ ಇಳಿಸಿಕೊಂಡು ಬಂದರು.

ಜೂನ್ 4ರಂದು ನಾರ್ಟನ್ ಸಿಲಿಂಡರ್ ಇಲ್ಲದೆ 8,573 ಮೀಟರ್ ಏರಿದ. ಆ ದಿನ ಏನು ತೊಟ್ಟಿದ್ದೆನೆಂದು ಆತನೇ ವಿವರವಾಗಿ ಬರೆದಿಟ್ಟಿದ್ದಾನೆ. ಮೈಗೆ ಉಣ್ಣೆಯ ಒಳ ಉಡುಪು, ಅದರ ಮೇಲೆ ದಪ್ಪ ಫ್ಲಾನೆಲ್ ಅಂಗಿ, ಎರಡು ಸ್ವೆಟರ್. ಇವೆಲ್ಲದರ ಮೇಲೆ ಗಾಳಿ ತೂರದ ಗ್ಯಾಬರ್ಡೀನ್ ಸೂಟು, ಅದರ ಮೇಲೂ ಅದೇ ಬಟ್ಟೆಯ ಇನ್ನೊಂದು ಸಡಿಲ ಸೂಟು. ಕಾಲಿಗೆ ಕಾಶ್ಮೀರಿ ಉಣ್ಣೆಯ ಪಟ್ಟಿ, ಚರ್ಮದ ಅಟ್ಟೆಯಿದ್ದ ಫೆಲ್ಟ್ ಬೂಟು. ಕೈಗೆ ಉಣ್ಣೆಯ ಗವಸು, ಹೊರಗೆ ಗ್ಯಾಬರ್ಡೀನ್ ಗವಸು. ತಲೆಗೆ ಒಳಗೆ ತುಪ್ಪಳವಿದ್ದ ಮೋಟಾರ್‌ಸೈಕಲ್ ಹೆಲ್ಮೆಟ್.

ಈ ಉಡುಪಿನಲ್ಲಿ ಆತ ಹೋಗಿ, ಜೀವಂತ ಮರಳಿ ಬಂದ. ಕನ್ನಡಕ ತೆಗೆದಿದ್ದಕ್ಕೆ ಹಿಮದ ಬೆಳಕು ಬಡಿದು ಕೆಲ ದಿನ ಕಣ್ಣು ಕಾಣಲಿಲ್ಲ. ಚಳಿ ಮಾತ್ರ ಅವನನ್ನು ಕೊಲ್ಲಲಿಲ್ಲ. ಸಿಲಿಂಡರ್ ಇಲ್ಲದೆ ಆತ ಮುಟ್ಟಿದ ಎತ್ತರವನ್ನು ದಾಟಲು ಜಗತ್ತು 1978ರವರೆಗೆ ಕಾಯಬೇಕಾಯಿತು. ಉಣ್ಣೆ ತೊಟ್ಟದ್ದರಿಂದಲೇ ಮ್ಯಾಲರಿ ಸತ್ತ ಎನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ನಾಲ್ಕು ದಿನ ಕಳೆದು, ಜೂನ್ 8ರಂದು ಮ್ಯಾಲರಿ ಮತ್ತು 22 ವರ್ಷದ ಆಂಡ್ರ್ಯೂ ಇರ್ವಿನ್ ಆಮ್ಲಜನಕದ ಸಿಲಿಂಡರ್ ಹೊತ್ತು ತುದಿಯ ಕಡೆಗೆ ಹೊರಟರು. ಮಧ್ಯಾಹ್ನ 12.50ರ ಹೊತ್ತಿಗೆ ಮೋಡ ಸರಿದಾಗ ಕೆಳಗಿದ್ದ ನೋಯೆಲ್ ಓಡೆಲ್‌ಗೆ ಏಣಿನ ಮೇಲೆ ಎರಡು ಚುಕ್ಕೆಗಳು ಚಲಿಸುವುದು ಕಂಡಿತು. ಮತ್ತೆ ಮೋಡ ಮುಚ್ಚಿತು. ಆ ಮಧ್ಯಾಹ್ನ ಹಿಮಗಾಳಿ ಬೀಸಿತು. ಓಡೆಲ್ ಅವರನ್ನು ಹುಡುಕುತ್ತ ಮೇಲಿನ ಕ್ಯಾಂಪಿಗೆ ಎರಡು ಸಲ ಹತ್ತಿ ಇಳಿದ. ಯಾರೂ ಇರಲಿಲ್ಲ. ಕೆಳಗಿನವರಿಗೆ ಸುದ್ದಿ ಮುಟ್ಟಿಸಬೇಕಿತ್ತಲ್ಲ, ನಾರ್ತ್ ಕೋಲ್‌ನ ಹಿಮದ ಮೇಲೆ ಆರು ಹೊದಿಕೆಗಳನ್ನು ಶಿಲುಬೆಯ ಆಕಾರದಲ್ಲಿ ಹಾಸಲಾಯಿತು. ಇಬ್ಬರೂ ಹೋದರು ಎಂಬ ಸಂಕೇತ ಅದು. ಮ್ಯಾಲರಿಗೆ 38 ತುಂಬಲು ಹತ್ತು ದಿನವಿತ್ತು.

75 ವರ್ಷದ ನಂತರ ಸಿಕ್ಕ ಅಂಗಿ

1999ರ ಮೇ 1ರಂದು ಅಮೆರಿಕದ ಕಾನ್ರಾಡ್ ಆ್ಯಂಕರ್‌ಗೆ 8,155 ಮೀಟರ್ ಎತ್ತರದ ಇಳಿಜಾರಿನಲ್ಲಿ ಬೋರಲು ಬಿದ್ದಿದ್ದ ಒಂದು ದೇಹ ಕಂಡಿತು. ಇರ್ವಿನ್ ಇರಬೇಕೆಂದೇ ಹುಡುಕಾಟದ ತಂಡ ಭಾವಿಸಿತ್ತು. ಬಟ್ಟೆಗೆ ಹೊಲಿದಿದ್ದ ಹೆಸರಿನ ಪಟ್ಟಿ ಓದಿದಾಗ ಗೊತ್ತಾಯಿತು, ಅದು ಮ್ಯಾಲರಿ. ಹತ್ತಿ ಮತ್ತು ರೇಷ್ಮೆಯ ಒಳ ಉಡುಪು, ಫ್ಲಾನೆಲ್ ಅಂಗಿ, ಉಣ್ಣೆಯ ಪುಲೋವರ್, ಉಣ್ಣೆಯ ಪ್ಯಾಂಟು, ಹೊರಗೆ ಗಾಳಿ ತಡೆಯುವ ಬಟ್ಟೆ. ಮುಕ್ಕಾಲು ಶತಮಾನದ ಬಿಸಿಲು ಗಾಳಿಗೆ ಹರಿದಿದ್ದರೂ ಪದರಗಳನ್ನು ಎಣಿಸಬಹುದಿತ್ತು.

ಬಲಗಾಲಿನ ಮೂಳೆ ಮುರಿದಿತ್ತು. ಸೊಂಟದಲ್ಲಿ ತುಂಡಾದ ಹಗ್ಗ, ಹಗ್ಗ ಬಿಗಿದ ಗಾಯದ ಗುರುತು. ಹಣೆಯಲ್ಲಿ ಆಳವಾದ ಗಾಯ. ಆತ ಬಿದ್ದಿದ್ದ. ಒಂದೆಡೆ ಕುಳಿತು ಚಳಿಗೆ ಮರಗಟ್ಟಿ ಸತ್ತವನ ದೇಹ ಹಾಗಿರುವುದಿಲ್ಲ.

ಆ ಬಟ್ಟೆಯ ಚೂರುಗಳನ್ನು ಅಧ್ಯಯನ ಮಾಡಿ ಬ್ರಿಟನ್ನಿನ ಸಂಶೋಧಕರು ಪಡಿಯಚ್ಚಿನಂಥ ಉಡುಪು ಹೊಲಿಸಿದರು. 2006ರಲ್ಲಿ ಗ್ರಹಾಂ ಹೊಯ್ಲೆಂಡ್ ಎಂಬಾತ ಅದನ್ನು ತೊಟ್ಟು ಎವರೆಸ್ಟ್‌ನ ಇಳಿಜಾರಿನಲ್ಲಿ ನಡೆದು ನೋಡಿದ. ಈತ ಸಾಮರ್ವೆಲ್‌ನ ಬಂಧು. ಉಡುಪು ಹಗುರ, ಬೆಚ್ಚಗೆ, ಕೈಕಾಲು ಆಡಿಸಲು ಸಲೀಸು ಎಂಬುದು ಆತನ ಅನುಭವ. ರೇಷ್ಮೆಯ ಪದರ ನಡುವೆ ಇರುವುದರಿಂದ ಉಣ್ಣೆಗೆ ಉಣ್ಣೆ ಕಚ್ಚಿಕೊಳ್ಳದೆ ಜಾರುತ್ತದೆ ಎಂಬುದನ್ನೂ ಗಮನಿಸಿದರು. ಎರಡನೆಯ ಬಗೆಯ ಫಾರ್ವರ್ಡ್‌ಗೆ ಆಧಾರ ಸಿಕ್ಕಿದ್ದು ಇಲ್ಲಿಂದ. ಆದರೆ ಹೊಯ್ಲೆಂಡ್ ಅದನ್ನು ತೊಟ್ಟು ತುದಿಗೆ ಹೋಗಲಿಲ್ಲ, ರಾತ್ರಿ ಬಯಲಲ್ಲಿ ಕಳೆಯಲಿಲ್ಲ. ಫಾರ್ವರ್ಡ್ ಮಾಡುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ.

ಲಫ್‌ಬರೋ ವಿಶ್ವವಿದ್ಯಾಲಯದ ಜಾರ್ಜ್ ಹ್ಯಾವೆನಿತ್ ಅಂಥದೇ ಉಡುಪು ಎಷ್ಟು ಶಾಖ ತಡೆಯುತ್ತದೆಂದು ಅಳೆದು 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಹವೆ ಶಾಂತವಾಗಿದ್ದು, ಮನುಷ್ಯ ನಡೆಯುತ್ತಲೇ ಇದ್ದರೆ ಮೈನಸ್ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನವರೆಗೂ ಆ ಬಟ್ಟೆ ಸಾಕು. ಗಾಳಿ ಜೋರಾದರೆ ಮೈನಸ್ 10ಕ್ಕೇ ಕಷ್ಟ. ವೇಗ ಕುಂದಿದರೆ ಮೈ ತಣ್ಣಗಾಗುತ್ತ ಹೋಗುತ್ತದೆ. ಕಾರಣ ಸರಳ. ಬಟ್ಟೆ ಕಾಪಾಡುವುದು ಮೈ ಹುಟ್ಟಿಸುವ ಶಾಖವನ್ನು. ಸುಮ್ಮನೆ ಕುಳಿತ ದೇಹ ಹುಟ್ಟಿಸುವುದು ಸುಮಾರು 100 ವ್ಯಾಟ್, ಹಳೆಯ ಬಲ್ಬಿನಷ್ಟು. ಏರುವಾಗ ಅದು ಹಲವು ಪಟ್ಟು. ತುದಿಯ ಹತ್ತಿರ ಸಿಗುವ ಆಮ್ಲಜನಕ ಸಮುದ್ರಮಟ್ಟದ ಸುಮಾರು ಮೂರನೇ ಒಂದು ಭಾಗ. ಉಸಿರಿಗೆ ಸಾಲದಿದ್ದರೆ ಒಲೆಯ ಉರಿಯೇ ಸಣ್ಣದಾಗುತ್ತದೆ.

ಅಂದು ಗಾಳಿ ಹೇಗಿತ್ತು? ಬೇಸ್ ಕ್ಯಾಂಪಿನ ವಾಯುಒತ್ತಡದ ಅಂಕಿಗಳನ್ನು ಸಾಮರ್ವೆಲ್ ದಾಖಲಿಸಿಟ್ಟಿದ್ದ. ಹಲವು ದಶಕ ಯಾರ ಗಮನಕ್ಕೂ ಬಾರದ ಆ ಪಟ್ಟಿಯನ್ನು ಹವಾಮಾನ ವಿಜ್ಞಾನಿಗಳು 2010ರಲ್ಲಿ ಪರಿಶೀಲಿಸಿದರು. ಮ್ಯಾಲರಿ ಏರುತ್ತಿದ್ದ ಹೊತ್ತಿಗೆ ಒತ್ತಡ ಸುಮಾರು 18 ಮಿಲಿಬಾರ್ ಕುಸಿದಿತ್ತು. ಎವರೆಸ್ಟ್‌ನಲ್ಲಿ ಅದು ದೊಡ್ಡ ಬಿರುಗಾಳಿಯ ಗುರುತು. ಒತ್ತಡ ಇಳಿದರೆ ಸಿಗುವ ಆಮ್ಲಜನಕವೂ ಇಳಿಯುತ್ತದೆ.

ಹಾಗಾದರೆ ನಮ್ಮ ತೀರ್ಮಾನ: ಉಣ್ಣೆ ಕೋಟಿನಿಂದ ಮ್ಯಾಲರಿ ಸತ್ತ ಎಂಬುದು ತಪ್ಪು. ಕೊಂದದ್ದು ಬೀಳು. ಅದಕ್ಕೆ ಮುಂಚೆ ಗಾಳಿ, ದಣಿವು, ಚಳಿ ಆತನ ಹೆಜ್ಜೆಯನ್ನು ಎಷ್ಟು ತಪ್ಪಿಸಿದವೋ ಹೇಳಲು ಸಾಕ್ಷಿ ಇಲ್ಲ. ಉಣ್ಣೆ ಇದ್ದರೆ ಸಾಕು ಎಂಬುದೂ ತಪ್ಪು. ಆತನ ಉಡುಪಿನಲ್ಲಿ ರೇಷ್ಮೆ, ಹತ್ತಿ, ಗ್ಯಾಬರ್ಡೀನ್ ಎಲ್ಲವೂ ಇದ್ದವು, ಮತ್ತು ಅದು ಒಳ್ಳೆಯ ಹವೆಯಲ್ಲಿ, ನಡೆಯುತ್ತಿರುವವನಿಗೆ ಮಾತ್ರ ಸಾಕಾಗುವಂಥದ್ದು.

ಕೇದಾರನಾಥಕ್ಕೋ ಲಡಾಖ್‌ಗೋ ಹೊರಟು, ಏನು ಪ್ಯಾಕ್ ಮಾಡಲಿ ಎನ್ನುವವರಿಗೆ ಇದರಿಂದ ಸಿಗುವುದಿಷ್ಟು. ಮೈಗೆ ತೆಳು ಉಣ್ಣೆ ಒಳ್ಳೆಯದು. ಏರುವಾಗ ಬೆವರಿ, ನಿಂತಾಗ ನಡುಗುವ ಪಾಡು ಕಡಿಮೆಯಾಗುತ್ತದೆ. ಬೆವರಿಗೆ ನೆನೆದ ಹತ್ತಿ ಬನಿಯನ್ ಚರ್ಮಕ್ಕೆ ಅಂಟಿ ಮೈಯ ಬಿಸಿ ಎಳೆಯುತ್ತದೆ. ಒಂದೇ ದಪ್ಪ ಸ್ವೆಟರಿಗಿಂತ ಎರಡು ತೆಳುವಾದವು ಅನುಕೂಲ. ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್ ಬೇಕೇಬೇಕು. ನೆನೆದರೂ ಉಣ್ಣೆ ಬೆಚ್ಚಗಿರುತ್ತದೆ ಎಂಬುದು ಬೆವರು, ತುಂತುರಿನ ಮಟ್ಟಿಗೆ ನಿಜ. ಪೂರ್ತಿ ತೊಯ್ದರೆ ಎಳೆಗಳ ನಡುವೆ ಗಾಳಿಯ ಬದಲು ನೀರು ತುಂಬುತ್ತದೆ. ಭಾರವಾಗುತ್ತದೆ, ಒಣಗುವುದೂ ತಡ. ಕುದುರೆಮುಖದ ಮುಂಗಾರಿನಲ್ಲಿ ದಪ್ಪ ಸ್ವೆಟರ್ ಹಾಕಿ ಹೊರಟವರು ನೀರು ಹೊತ್ತು ನಡೆಯುತ್ತಾರೆ. ಕರಾವಳಿಯ ಏಪ್ರಿಲ್ ಸೆಕೆಗೆ ಯೇಗರ್ ಏನೇ ಹೇಳಿರಲಿ, ತೆಳು ಹತ್ತಿಯೇ ಸುಖ.

ಮ್ಯಾಲರಿ ತುದಿ ಮುಟ್ಟಿದನೇ ಎಂಬುದಕ್ಕೆ ಮಾತ್ರ ಬಟ್ಟೆಗಳಲ್ಲಿ ಉತ್ತರವಿಲ್ಲ. ತುದಿಯಲ್ಲಿ ಇಡುತ್ತೇನೆಂದು ಒಯ್ದಿದ್ದ ರೂತ್‌ಳ ಫೋಟೊ ಜೇಬಿನಲ್ಲಿರಲಿಲ್ಲ ಎನ್ನುತ್ತಾರೆ. ಫೋಟೊ ಇಲ್ಲದಿರುವುದು ತುದಿ ಮುಟ್ಟಿದ್ದಕ್ಕೆ ಸಾಕ್ಷಿಯಾಗುವುದಿಲ್ಲ. ಇಬ್ಬರೂ ಒಯ್ದಿದ್ದ ಕ್ಯಾಮೆರಾ ಇನ್ನೂ ಸಿಕ್ಕಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ರೋಂಗ್‌ಬುಕ್ ಹಿಮನದಿಯಲ್ಲಿ ಒಂದು ಹಳೆಯ ಬೂಟು ಕರಗುವ ಹಿಮದಿಂದ ಹೊರಬಂತು. ಒಳಗೆ ಪಾದ, ಪಾದದಲ್ಲಿ ಕಾಲುಚೀಲ. ಕಾಲುಚೀಲಕ್ಕೆ ಹೊಲಿದಿದ್ದ ಪಟ್ಟಿಯ ಮೇಲೆ ಕೆಂಪಕ್ಷರದಲ್ಲಿ ಎ. ಸಿ. ಇರ್ವಿನ್ ಎಂದಿತ್ತು.